ಸ್ಕ್ರೋಲ್ ಮಾಡುವ ಮುಂಚೆ ಏನು ಕಾಣಬೇಕು? ಅನುಭವ ಹೇಳಿ

ಪ್ರಶ್ನೆ: ಬಳ್ಳಾರಿ, ಜೀನ್ಸ್ ಯೂನಿಟ್

ನಾವು ಜೀನ್ಸ್ ಹೊಲಿಸಿ ಹೋಲ್‌ಸೇಲ್ ಕೊಡುತ್ತೇವೆ. ಆರು ತಿಂಗಳ ಹಿಂದೆ ವೆಬ್‌ಸೈಟ್ ಮಾಡಿಸಿದೆವು. ತೆರೆದ ಕೂಡಲೇ ಇಡೀ ಸ್ಕ್ರೀನ್ ತುಂಬ ಒಂದು ಫೋಟೋ, ಅದರ ಮೇಲೆ ‘ಸುಸ್ವಾಗತ’ ಅಂತ ದೊಡ್ಡ ಅಕ್ಷರ. ಸೈಜು, ರೇಟು, ಫೋನ್ ನಂಬರ್ ಎಲ್ಲ ಕೆಳಗೆ. ದಿನಾ ಜನ ಬರುತ್ತಾರೆ, ಮೇಲಿನದ್ದಷ್ಟೇ ನೋಡಿ ವಾಪಸ್ ಹೋಗುತ್ತಾರೆ. ಸ್ಕ್ರೋಲ್ ಮಾಡದೆ ಕಾಣುವ ಜಾಗದಲ್ಲಿ ಏನು ಇಡಬೇಕು? ಮಾಡಿ ನೋಡಿದವರು ಹೇಳಿ.

ಉತ್ತರ: ಆನೆಗೊಂದಿ, ಹೋಂಸ್ಟೇ ನಡೆಸುವವಳು

ಅಣ್ಣ, ನಮ್ಮದೂ ಹೀಗೇ ಇತ್ತು. ಮೇಲೆ ಮೂರು ಫೋಟೋ ಒಂದಾದ ಮೇಲೊಂದು ಸರಿಯುತ್ತಿದ್ದವು. ನೋಡೋಕೆ ಚೆಂದ. ಆದರೆ ಬಂದವರಿಗೆ ಮೊದಲು ಗೊತ್ತಾಗಬೇಕಾದ ಮಾತೇ ಅಲ್ಲಿರಲಿಲ್ಲ. ನಾವಿರುವುದು ಹೊಳೆಯ ಯಾವ ದಂಡೆಗೆ ಅಂತ.

ಹಂಪಿ ತುಂಗಭದ್ರೆಯ ಆ ಕಡೆ, ಆನೆಗೊಂದಿ ಈ ಕಡೆ. ವಿರೂಪಾಕ್ಷ ಗುಡಿಗೆ ನಡೆದೇ ಹೋಗಬಹುದು ಅಂದುಕೊಂಡು ಒಂದು ಕುಟುಂಬ ಬುಕ್ ಮಾಡಿತ್ತು. ಜೊತೆಗೆ ವಯಸ್ಸಾದ ಅಜ್ಜಿ. ಹೊಸಪೇಟೆಯಲ್ಲಿ ರೈಲಿಳಿದು, ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ರಾತ್ರಿ ಆಗಿತ್ತು. ನಮ್ಮ ಪುಟದಲ್ಲಿ ಎಲ್ಲ ಬರೆದಿತ್ತು, ಆದರೆ ತೀರಾ ಕೆಳಗೆ. ಅಜ್ಜಿಯ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ತಪ್ಪು ನಮ್ಮದೇ.

ಆ ವಾರವೇ ಬದಲಿಸಿದೆವು. ಈಗ ಫೋಟೋ ಒಂದೇ, ಅದೂ ಅರ್ಧ ಸ್ಕ್ರೀನಿಗಿಂತ ಕಡಿಮೆ. ಅದರ ಕೆಳಗೆ ‘ಆನೆಗೊಂದಿ, ಹೊಳೆಯ ಉತ್ತರ ದಂಡೆ. ಅಂಜನಾದ್ರಿ ಬೆಟ್ಟದ ಹತ್ತಿರ’ ಅಂತ ಸಾಲು. ಆಮೇಲೆ ರೂಮಿನ ಬಾಡಿಗೆ, ಫೋನ್ ಬಟನ್. ಮುಂಚೆ ಫೋನ್ ಮಾಡಿದವರು ‘ಎಲ್ಲಿ ಬರುತ್ತೆ ನಿಮ್ಮ ಜಾಗ’ ಅಂತ ಶುರು ಮಾಡುತ್ತಿದ್ದರು. ಈಗ ‘ಶನಿವಾರ ರೂಮ್ ಇದೆಯಾ’ ಅಂತ ಕೇಳುತ್ತಾರೆ.

ನಿಮಗೆ ಫೋನ್ ಮಾಡುವವರು ಮೊದಲು ಏನು ಕೇಳುತ್ತಾರೆ ಅಂತ ಒಂದು ವಾರ ಬರೆದಿಡಿ ಅಣ್ಣ. ಅದರ ಉತ್ತರವೇ ಮೇಲೆ ಬರಬೇಕು.

ಉತ್ತರ: ರಾಯಚೂರು, ವೆಬ್‌ಸೈಟ್ ಮಾಡಿಕೊಡುವವನು

ಅಕ್ಕ ಹೇಳಿದ್ದು ಸರಿ. ನಮ್ಮಂಥವರ ತಪ್ಪನ್ನೂ ಹೇಳುತ್ತೇನೆ. ನಾವು ಲ್ಯಾಪ್‌ಟಾಪಿನಲ್ಲಿ ಮಾಡಿ, ಲ್ಯಾಪ್‌ಟಾಪಿನಲ್ಲೇ ತೋರಿಸಿ ಒಪ್ಪಿಗೆ ತಗೋತೀವಿ. ಗಿರಾಕಿ ನೋಡುವುದು ಫೋನಿನಲ್ಲಿ.

ಈ ಜಾಗಕ್ಕೆ ನಮ್ಮ ಕೆಲಸದಲ್ಲಿ ‘ಅಬೌ ದ ಫೋಲ್ಡ್’ ಅನ್ನುತ್ತಾರೆ, ಮಡಿಕೆಯ ಮೇಲಿನ ಭಾಗ. ಪೇಪರಿನಿಂದ ಬಂದ ಮಾತು. ಅಂಗಡಿಯಲ್ಲಿ ಪೇಪರ್ ಮಡಚಿಟ್ಟಾಗ ಮೇಲಿನ ಅರ್ಧ ಮಾತ್ರ ಕಾಣುತ್ತದೆ ಅಲ್ವಾ? ದೊಡ್ಡ ಸುದ್ದಿ ಅಲ್ಲೇ ಇರುತ್ತದೆ. ಆದರೆ ಪೇಪರಿನ ಮಡಿಕೆ ಎಲ್ಲರಿಗೂ ಒಂದೇ ಕಡೆ. ಫೋನಿನಲ್ಲಿ ಹಾಗಲ್ಲ. ಒಬ್ಬೊಬ್ಬರ ಸ್ಕ್ರೀನ್ ಒಂದೊಂದು ಉದ್ದ. ಬ್ರೌಸರಿನ ಅಡ್ರೆಸ್ ಪಟ್ಟಿ ಸ್ವಲ್ಪ ಜಾಗ ತಿನ್ನುತ್ತದೆ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಹಾಗಾಗಿ ಮುಖ್ಯವಾದದ್ದನ್ನು ಅಂಚಿಗೆ ಇಡಬೇಡಿ, ಇನ್ನೂ ಮೇಲೆ ತನ್ನಿ.

ಹಾಗಂತ ಎಲ್ಲವನ್ನೂ ಮೇಲೆ ತುರುಕುವುದೂ ಬೇಡ. ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ ಅನ್ನೋ ಸಂಸ್ಥೆ, ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಕಂಪ್ಯೂಟರ್ ಸ್ಕ್ರೀನಿನಲ್ಲಿ ಅಳೆದಿತ್ತು. 2010ರಲ್ಲಿ ನೋಡುವ ಸಮಯದ ಶೇ. 80ರಷ್ಟು ಮೊದಲ ಸ್ಕ್ರೀನಿನಲ್ಲೇ ಕಳೆಯುತ್ತಿತ್ತು. 2018ರಲ್ಲಿ ಅದು ಶೇ. 57. ಮೊದಲ ಎರಡು ಸ್ಕ್ರೀನ್ ಸೇರಿಸಿದರೆ ಶೇ. 74. ಅಂದರೆ ಜನ ಕೆಳಗೂ ಹೋಗುತ್ತಾರೆ, ಕೆಳಗೆ ಏನೋ ಇದೆ ಅಂತ ಗೊತ್ತಾದರೆ. ನಿಮ್ಮ ಫೋಟೋ ಇಡೀ ಸ್ಕ್ರೀನ್ ತುಂಬಿದೆ ಅಂದಿರಿ. ನೋಡಿದವರಿಗೆ ಪುಟ ಅಲ್ಲೇ ಮುಗಿಯಿತು ಅನ್ನಿಸುತ್ತದೆ. ಕೆಳಗಿನ ಪ್ಯಾಂಟುಗಳ ಸಾಲು ಅರ್ಧ ತಲೆ ಎತ್ತಿ ಕಾಣುವ ಹಾಗೆ ಬಿಡಿ. ಬೆರಳು ತಾನಾಗಿ ಮುಂದೆ ಹೋಗುತ್ತದೆ.

ಇನ್ನೊಂದು, ಫೋಟೋದ ತೂಕ. ಕ್ಯಾಮೆರಾದಿಂದ ತೆಗೆದ 5 ಎಂಬಿ ಫೋಟೋ ಹಾಗೇ ಹಾಕಿದ್ದರೆ, ಅದು ಬರುವವರೆಗೆ ಮೊದಲ ಸ್ಕ್ರೀನ್ ಬಿಳಿ. ಆ ಸ್ಕ್ರೀನಿನ ಅತಿ ದೊಡ್ಡ ಚಿತ್ರವೋ ಬರಹವೋ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ನಾನು ಮೇಲಿನ ಫೋಟೋವನ್ನು 200 ಕೆಬಿ ಒಳಗೆ ಇಳಿಸುತ್ತೇನೆ. ‘ಲೇಜಿ ಲೋಡ್’, ಅಂದರೆ ಸ್ಕ್ರೋಲ್ ಮಾಡಿ ಹತ್ತಿರ ಬಂದಾಗ ಮಾತ್ರ ಫೋಟೋ ತರಿಸೋದು, ಕೆಳಗಿನ ಫೋಟೋಗಳಿಗೆ ಸರಿ, ಮೊದಲ ಫೋಟೋಗೆ ಬೇಡ.

ನಂಬರನ್ನು ಚಿತ್ರದೊಳಗೆ ಬರೆಸಬೇಡಿ. ಒತ್ತಿದರೆ ಕರೆ ಹೋಗಬೇಕು.

ಉತ್ತರ: ಕೊಪ್ಪಳ, ಕಿನ್ನಾಳ ಗೊಂಬೆ ಮಾರುವವಳು

ನನ್ನ ಅನುಭವ ಸ್ವಲ್ಪ ಬೇರೆ. ನಾನು ಬೆಲೆಯನ್ನೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಪ್ಲಾಸ್ಟಿಕ್ ಗೊಂಬೆಯ ಜೊತೆ ಹೋಲಿಸಿ ‘ಇಷ್ಟು ಜಾಸ್ತಿಯಾ’ ಅಂತ ಮೆಸೇಜ್ ಬರುತ್ತಿದ್ದವು. ಆಮೇಲೆ ಬಣ್ಣ ಹಚ್ಚುತ್ತಿರುವ ಕೈಯ ಫೋಟೋ ಹಾಕಿ, ‘ಹಗುರ ಮರದಲ್ಲಿ ಕೈಯಿಂದ ಕೆತ್ತಿದ್ದು, ಜಿಐ ಟ್ಯಾಗ್ ಪಡೆದ ಕಿನ್ನಾಳ ಕಲೆ’ ಅಂತ ಒಂದು ಸಾಲು ಬರೆದೆ. ಜಿಐ ಟ್ಯಾಗ್ ಅಂದರೆ ಇದು ಆ ಊರಿನದ್ದೇ ಕಲೆ ಅನ್ನೋ ಸರ್ಕಾರಿ ಗುರುತು. ಬೆಲೆ ಅದರ ಕೆಳಗೆ, ಅದೇ ಸ್ಕ್ರೀನಿನಲ್ಲಿ. ಬೆಲೆ ಮುಚ್ಚಿಡಲಿಲ್ಲ, ಯಾಕೆ ಅಷ್ಟು ಅಂತ ಮೊದಲು ಹೇಳಿದೆ, ಅಷ್ಟೇ. ಜೀನ್ಸ್ ಹೋಲ್‌ಸೇಲಿಗೆ ಇದು ಬೇಕಾಗಲಿಕ್ಕಿಲ್ಲ. ಕೈಕೆಲಸದ ಸಾಮಾನು ಮಾರುವವರು ಮಾತ್ರ ಯೋಚನೆ ಮಾಡಿ.

ಮತ್ತೆ: ಬಳ್ಳಾರಿ, ಜೀನ್ಸ್ ಯೂನಿಟ್

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಒಂದು ವಾರ ಬರೆದಿಟ್ಟೆವು. ಜಾಸ್ತಿ ಜನ ಕೇಳಿದ್ದು ‘ಒಂದು ಪೀಸ್ ಕೊಡ್ತೀರಾ’ ಅಂತ! ನಾವು ರೇಟೇ ಮುಖ್ಯ ಅಂದುಕೊಂಡಿದ್ದೆವು. ಈಗ ಮೊದಲ ಸಾಲು: ‘ಬಳ್ಳಾರಿ ಜೀನ್ಸ್, ಹೋಲ್‌ಸೇಲ್ ಮಾತ್ರ. ಸೈಜ್ 28ರಿಂದ 36. ಕನಿಷ್ಠ 50 ಪೀಸ್.’ ಅದರ ಕೆಳಗೆ ರೇಟು, ವಾಟ್ಸಾಪ್ ಬಟನ್.

‘ಸುಸ್ವಾಗತ’ ತೆಗೆಯೋಕೆ ಅಪ್ಪ ಒಪ್ಪಲಿಲ್ಲ. ಬಂದವರನ್ನು ಬನ್ನಿ ಅನ್ನದೆ ವ್ಯಾಪಾರ ಮಾತಾಡಬಾರದು ಅಂದರು. ಅದೂ ನಿಜವೇ. ಅಂಗಡಿಯ ಹೆಸರಿನ ಪಕ್ಕ ಚಿಕ್ಕದಾಗಿ ‘ಬನ್ನಿ’ ಅಂತ ಉಳಿಸಿಕೊಂಡೆವು. ಆಮೇಲೆ ಅಪ್ಪನ ಫೋನಿನಲ್ಲೇ ತೆರೆದು ನೋಡಿದೆವು. ಅವರದ್ದು ದೊಡ್ಡ ಅಕ್ಷರ, ವಾಟ್ಸಾಪ್ ಬಟನ್ ಕೆಳಗೆ ಬಿದ್ದಿತ್ತು. ಫೋಟೋ ಇನ್ನೂ ಎರಡು ಬೆರಳು ಚಿಕ್ಕದು ಮಾಡಿಸುತ್ತಿದ್ದೇವೆ.