ಡಚ್: 'ಇಕ್ ಬೆನ್ ಖವೇಸ್ಟ್ ಏಟನ್' ಯಾಕೆ ತಪ್ಪು?

ಕಾಲುವೆದಂಡೆ: ಡಚ್ ಬಲ್ಲವರು ಸ್ವಲ್ಪ ನೋಡಿ. 'ಇರು' ಅನ್ನೋಕೆ 'ಜ಼ೈನ್', ಅದರ ಪರ್ಫೆಕ್ಟ್ ರೂಪ (ಮುಗಿದ ಕೆಲಸ ಹೇಳುವ ರೂಪ) 'ಖವೇಸ್ಟ್'. 'ಇಕ್ ಬೆನ್ ಇನ್ ಉಟ್ರೆಕ್ಟ್ ಖವೇಸ್ಟ್', ಅಂದ್ರೆ ಉಟ್ರೆಕ್ಟ್‌ಗೆ ಹೋಗಿಬಂದಿದ್ದೇನೆ. ಅದೇ ಲೆಕ್ಕದಲ್ಲಿ ಊಟಕ್ಕೆ ಹೋಗಿಬಂದೆ ಅಂತ 'ಇಕ್ ಬೆನ್ ಖವೇಸ್ಟ್ ಏಟನ್' ಬರೆದೆ. ಟೀಚರ್ 'ಖವೇಸ್ಟ್' ಹೊಡೆದುಹಾಕಿ 'ವೇಜ಼ನ್' ಅಂತ ತಿದ್ದಿದ್ದಾರೆ. ನನ್ನ ಪುಸ್ತಕದ ಪಟ್ಟಿಯಲ್ಲಿ ಈ ಪದವೇ ಇಲ್ಲ!

ಸೈಕಲ್‌ಬೆಲ್: ಸುಮ್ನೆ 'ಬೆನ್ ಖಾನ್ ಏಟನ್' ಅನ್ನಿ, ತಲೆನೋವೇ ಇಲ್ಲ.

ಹಳೇನುಡಿ: ಅರ್ಥ ಬದಲಾಗುತ್ತದೆ ಸರ್. 'ಹೈ ಇಸ್ ಖಾನ್ ಏಟನ್' ಅಂದರೆ ಊಟಕ್ಕೆ ಹೋಗಿದ್ದಾನೆ, ಕುರ್ಚಿ ಖಾಲಿ. 'ಹೈ ಇಸ್ ವೇಜ಼ನ್ ಏಟನ್' ಅಂದರೆ ಉಂಡು ವಾಪಸ್ ಬಂದಿದ್ದಾನೆ.

ನಿಯಮ ಇಷ್ಟೇ. ಪರ್ಫೆಕ್ಟ್‌ನಲ್ಲಿ ಬೆನ್ನಿಗೇ ಇನ್ನೊಂದು ಕ್ರಿಯಾಪದದ ಮೂಲರೂಪ ('ಏಟನ್' ಥರದ್ದು) ಬಂದರೆ 'ಖ' ಹಚ್ಚಿದ ರೂಪ ನಿಲ್ಲುವುದಿಲ್ಲ, ಅದೂ ಮೂಲರೂಪಕ್ಕೆ ತಿರುಗುತ್ತದೆ. 'ಹೆಪ್ ಮೂಟನ್ ವೆರ್ಕನ್' (ಕೆಲಸ ಮಾಡಬೇಕಾಯಿತು) ಕೇಳಿರುತ್ತೀರಿ, ಅಲ್ವಾ? ಆದರೆ ಇಲ್ಲಿ 'ಜ಼ೈನ್' ಬರುವುದಿಲ್ಲ, ಹಳೆಯ 'ವೇಜ಼ನ್' ಬರುತ್ತದೆ. 'ಖವೇಸ್ಟ್' ಹುಟ್ಟಿದ್ದೇ ಅದರಿಂದ.

ಅಸಲಿಗೆ ಡಚ್ಚಿನ ಈ 'ಇರು' ಒಂದು ಕ್ರಿಯಾಪದವೇ ಅಲ್ಲ, ಮೂರು ಬೇರುಗಳ ತೇಪೆ. 'ಇಸ್', 'ಜ಼ೈನ್' ಸಂಸ್ಕೃತದ 'ಅಸ್ತಿ'ಯ ಬಳಗ. 'ಬೆನ್', 'ಬೆಂಟ್'ನ ಬಕಾರ 'ಭವತಿ'ಯ ಕಡೆಯದು. 'ವಾಸ್', 'ವಾರನ್', 'ಖವೇಸ್ಟ್' ಮೂರೂ 'ವಸತಿ'ಯ ನೆಂಟರು. ನಮ್ಮ ವಾಸಸ್ಥಳ ದೃಢೀಕರಣ ಪತ್ರದ 'ವಾಸ'ವೂ ಅದೇ ಮನೆಯದು! 'ವಾಸ್' ಬಹುವಚನದಲ್ಲಿ 'ವಾರನ್' ಆಗಿ ಸಕಾರ ರಕಾರವಾಗುವುದು ಹಳೆಯ ಜರ್ಮಾನಿಕ್ (ಡಚ್, ಇಂಗ್ಲಿಷ್ ಸೇರಿದ ಭಾಷಾಬಳಗ) ಚಾಳಿ. ಇಂಗ್ಲಿಷಿನ 'ವಾಸ್', 'ವರ್' ಕೂಡ ಹಾಗೇ.

ಹಳೆಯ ಡಚ್ಚಿನಲ್ಲಿ 'ಇರು' ಅನ್ನಲು ಮೂಲರೂಪ 'ವೇಸನ್'. 'ಜ಼ೈನ್' ಆ ಜಾಗಕ್ಕೆ ಬಂದಿದ್ದು ಆಮೇಲೆ. ಹಳೆಯದು ಮೂಲೆಗಳಲ್ಲಿ ಉಳಿದಿದೆ. 'ವೇಸ್ ಸ್ಟಿಲ್' ಅಂದರೆ ಸುಮ್ಮನಿರು. ಹಾಜರಿಗೆ 'ಆನ್‌ವೇಜ಼ಖ್', ಗೈರಿಗೆ 'ಆಫ್‌ವೇಜ಼ಖ್'. ಕ್ಲಾಸಿನಲ್ಲಿ ಇವು ನಿಮ್ಮ ಕಿವಿಗೆ ಬಿದ್ದೇ ಇರುತ್ತವೆ.

ಕಾಲುವೆದಂಡೆ: ಓಹೋ, ಹಾಜರಿಯದ್ದು ಗೊತ್ತಿತ್ತು, ನಂಟು ಗೊತ್ತಿರಲಿಲ್ಲ. ಹಾಗಾದ್ರೆ ಈಗ ಊಟಕ್ಕೆ ಹೊರಟಿದ್ದೇನೆ ಅನ್ನೋಕೆ 'ಇಕ್ ವೇಸ್ ಏಟನ್' ನಡೆಯುತ್ತದಾ?

ಹಳೇನುಡಿ: ಇಲ್ಲ. ಅದಕ್ಕೆ 'ಇಕ್ ಖಾ ಏಟನ್'. 'ವೇಜ಼ನ್ ಏಟನ್'ಗೆ ಮುಂಚೆ 'ಬೆನ್', 'ಇಸ್', 'ವಾಸ್'ನಂಥ ರೂಪ ಇರಲೇಬೇಕು.