ರೇಯಾನೂ ಪ್ಲಾಸ್ಟಿಕ್ಕೇನಾ?

ಹೊಲಿಗೆಯಕ್ಕ, ದಾವಣಗೆರೆ

ನಿಟುವಳ್ಳಿಯಲ್ಲಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಹೋದ ವಾರ ರೇಯಾನ್ ಅಂತ ಹೇಳಿ ಕೊಟ್ಟ ಬಟ್ಟೆ ಹತ್ತು ಮೀಟರ್ ತಂದೆ. ಕುರ್ತಾ ಹೊಲಿದಾಯಿತು. ಇಸ್ತ್ರಿ ಇಟ್ಟಿದ್ದೇ ತಡ, ತೋಳಿನ ಹತ್ತಿರ ಮುದುಡಿ ಪೆಟ್ಟಿಗೆಗೆ ಅಂಟಿಕೊಂಡಿತು. ಕೇಳಿದರೆ ಅಂಗಡಿಯವರು, "ರೇಯಾನೂ ಪ್ಲಾಸ್ಟಿಕ್ಕೇ ಅಲ್ವೇನಮ್ಮ, ಎಲ್ಲಾ ಕೆಮಿಕಲ್ ಬಟ್ಟೆನೇ" ಅಂದರು. ನಮ್ಮಪ್ಪ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಅವರು ಹೇಳುವ ಪ್ರಕಾರ ರೇಯಾನ್ ಬರೋದು ಮರದಿಂದ. ಯಾರ ಮಾತು ನಿಜ? ಕುರ್ತಾದ ದುಡ್ಡಂತೂ ನನ್ನ ಕೈಯಿಂದಲೇ ಹೋಯಿತು.

ಹೊಳೆ ದಂಡೆಯವ

ಅಕ್ಕಾ, ನಿಮ್ಮಪ್ಪನ ಮಾತೇ ಸರಿ. ನಾನು ಹರಿಹರದವನು. ಹೊಳೆ ದಾಟಿದರೆ ಕುಮಾರಪಟ್ಟಣಂ. ಅಲ್ಲಿಯ ರೇಯಾನ್ ನಾರಿನ ಕಾರ್ಖಾನೆಗೆ ನೀಲಗಿರಿ ಮರ ಹೊತ್ತು ಹೋಗುವ ಲಾರಿ ನೋಡುತ್ತಲೇ ಬೆಳೆದೆ. ಆಮೇಲೆ ಬೇರೆ ಊರಿನ ಪಲ್ಪ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸವನ್ನೂ ಮಾಡಿದೆ.

ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮುಂತಾದವು ಹಾಕಿ ದೊಡ್ಡ ಕುಕ್ಕರಿನಂಥದ್ದರಲ್ಲಿ ಬೇಯಿಸುತ್ತಾರೆ. ನಾರನ್ನು ಹಿಡಿದಿಟ್ಟ ಲಿಗ್ನಿನ್ ಅನ್ನೋ ಅಂಟು ಕರಗಿ ಹೋಗುತ್ತದೆ. ಉಳಿಯೋದು ಸೆಲ್ಯುಲೋಸ್, ಅಂದರೆ ಮರದ ನಾರಿನ ಮೂಲ ವಸ್ತು. ಅದನ್ನು ಬಿಳಿ ಮಾಡಿ ರಟ್ಟಿನಂಥ ಹಾಳೆ ಮಾಡುತ್ತಾರೆ. ಆ ಹಾಳೆಯನ್ನು ಮತ್ತೆ ಕಾಸ್ಟಿಕ್‌ನಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಕರಗಿಸಿದರೆ ಕಿತ್ತಳೆ ಬಣ್ಣದ ಪಾಕ. ವಿಸ್ಕೋಸ್ ಅಂದರೆ ಅದೇ. ಸಣ್ಣ ತೂತುಗಳಿಂದ ಗಂಧಕಾಮ್ಲ ಬೆರೆಸಿದ ನೀರಿಗೆ ಒತ್ತಿದರೆ, ಶಾವಿಗೆ ಒತ್ತಿದ ಹಾಗೆ ಎಳೆ ಬರುತ್ತದೆ. 1892ರಲ್ಲೇ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಆಗಿತ್ತು. ಪ್ಲಾಸ್ಟಿಕ್ ಯುಗ ಶುರು ಮಾಡಿದ ಬೇಕಲೈಟ್ ಬಂದದ್ದು 1907ರಲ್ಲಿ!

ಹಾಗಂತ "ಮರದ್ದು, ಏನೂ ದೋಷ ಇಲ್ಲ" ಅನ್ನೋರನ್ನೂ ನಂಬಬೇಡಿ. ಕಾರ್ಬನ್ ಡೈಸಲ್ಫೈಡ್ ವಿಷ. ಅದರ ಗಾಳಿ ಕುಡಿದು ಕೆಲಸಗಾರರ ನರ ಹಾಳಾದ ಇತಿಹಾಸ ಇದೆ.

ನಿಮ್ಮ ಪೆಟ್ಟಿಗೆಗೆ ಅಂಟಿದ್ದು ಹೆಚ್ಚೂಕಡಿಮೆ ಪಾಲಿಯೆಸ್ಟರ್. ರೇಯಾನಿಗೆ ಬೇಕಾದ ಅಣುಗಳ ಉದ್ದನೆಯ ಸರಪಳಿಯನ್ನು ಮರವೇ ಕಟ್ಟಿರುತ್ತದೆ. ನಾವು ಕರಗಿಸಿ ಎಳೆ ತೆಗೀತೀವಿ, ಅಷ್ಟೇ. ಪಾಲಿಯೆಸ್ಟರಿನಲ್ಲಿ ಸರಪಳಿಯನ್ನೇ ಕಾರ್ಖಾನೆ ಕಟ್ಟಬೇಕು. ಟೆರೆಫ್ತಾಲಿಕ್ ಆಸಿಡ್, ಎಥಿಲೀನ್ ಗ್ಲೈಕಾಲ್ ಅಂತ ಎರಡು ರಾಸಾಯನಿಕ, ಎರಡೂ ಹೆಚ್ಚಾಗಿ ಕಚ್ಚಾ ತೈಲದಿಂದ ಬಂದವು. ಒಟ್ಟಿಗೆ ಕಾಯಿಸಿದರೆ ಕೊಂಡಿಗೆ ಕೊಂಡಿ ಸೇರಿ ನಡುವೆ ನೀರು ಆವಿಯಾಗಿ ಹೋಗುತ್ತದೆ. ನೀರಿನ ಬಾಟಲಿಯೂ ಇದೇ ವಸ್ತು. 260 ಡಿಗ್ರಿ ಹತ್ತಿರ ಕರಗುತ್ತದೆ, ಅದಕ್ಕೆ ಮೊದಲೇ ಮೆತ್ತಗಾಗುತ್ತದೆ. ರೇಯಾನ್ ಕರಗಲ್ಲ, ಸೀದು ಹೋಗುತ್ತದೆ.

ಮಂಡಕ್ಕಿ ಮಿರ್ಚಿ

ಇಷ್ಟೆಲ್ಲಾ ಯಾಕೆ, ಅಂಚಿನಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ರೇಯಾನ್ ಇಲ್ಲಾ ಹತ್ತಿ. ಕಪ್ಪು ಹೊಗೆ ಬಂದು, ತಣ್ಣಗಾದ ಮೇಲೆ ಗಟ್ಟಿ ಗುಂಡು ಉಳಿದರೆ ಪಾಲಿಯೆಸ್ಟರ್. ಇಕ್ಕಳದಲ್ಲಿ ಹಿಡೀರಿ. ಆ ಹನಿ ಬೆರಳಿಗೆ ಬಿದ್ದರೆ ಚರ್ಮಕ್ಕೇ ಅಂಟುತ್ತೆ. ನನಗೆ ಗೊತ್ತು!

ಹೊಲಿಗೆಯಕ್ಕ

ಸುಟ್ಟು ನೋಡಿದೆ. ಉದ್ದದ ಎಳೆ ಬೂದಿಯಾಯಿತು. ಅಡ್ಡದ ಎಳೆ ಗುಂಡಾಯಿತು. ಇದೇನಿದು?

ಹೊಳೆ ದಂಡೆಯವ

ಹಾಸು ರೇಯಾನ್, ಹೊಕ್ಕು ಪಾಲಿಯೆಸ್ಟರ್. ಅದನ್ನು ಮಾರೋದು ತಪ್ಪಲ್ಲ, ಬರೀ ರೇಯಾನ್ ಅಂತ ಹೇಳಿದ್ದು ತಪ್ಪು.

ಹೊಲಿಗೆಯಕ್ಕ

ಗುಂಡನ್ನು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಸೋಮವಾರ ಅಂಗಡಿಗೆ ಹೋಗ್ತೀನಿ. ಉಳಿದ ಬಟ್ಟೆ, ಬಿಲ್ಲು ಎರಡೂ ಇದೆ.