ಪುಟ್ಟಿಯ ಪೆಟ್ಟಿಗೆ ಸುಡಬೇಡಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡಲು ಕೂತರೆ ಸಂಜೆ ಆಗುತ್ತದೆ, ಮಾತಲ್ಲೇ ಹೇಳುತ್ತೇನೆ. ಉದ್ದ ಆಗಬಹುದು, ಎಲ್ಲರೂ ಪೂರ್ತಿ ಕೇಳಿ. ಪುಟ್ಟಿ ಆ ಒನ್ ಡೈರೆಕ್ಷನ್ ಅನ್ನುವ ಹಾಡಿನ ತಂಡದ ಹುಡುಗರ ಚಿತ್ರ, ಸಿಡಿ, ಡೈರಿ ಇರುವ ಪೆಟ್ಟಿಗೆಯನ್ನು ಸುಟ್ಟುಬಿಡು ಅಂದಳು. ಆಮೇಲೆ ರಾತ್ರಿ ಒಬ್ಬಳೇ ಕೂತು ಅತ್ತಳು. ಮದುವೆಗೆ ಇಪ್ಪತ್ತು ದಿನ ಉಂಟು, ಹುಡುಗ ಇಷ್ಟ ಇಲ್ಲವೋ ಏನೋ, ಸುಡಲಾ ಬೇಡವಾ ಅಂತ ಕೇಳಿದ್ದಿ ಅಲ್ವಾ?

ಸುಡಬೇಡ ಮಾರಾಯ್ತಿ. ಅವಳೇ ಹೇಳಿದರೂ ಸುಡಬೇಡ.

ಹುಡುಗನ ವಿಷಯ ಬಿಡು. ನಿಶ್ಚಯದ ದಿನ ಅವಳ ಮುಖ ನಾನು ನೋಡಿದ್ದೇನೆ. ಇದು ಬೇರೆ ದುಃಖ. ನಿನಗೆ ಗೊತ್ತಿಲ್ಲ, ನನಗೆ ಗೊತ್ತು.

1984 ನೆನಪು ಮಾಡಿಕೋ. ಉರ್ವದ ಮನೆ. ನನ್ನ ಮದುವೆಗೆ ಒಂದು ವಾರ. ನೀನಾಗ ಸಣ್ಣವಳು, ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾನು ಒಲೆಗೆ ಒಂದು ಪುಸ್ತಕ ಹಾಕಿದೆ. "ಅಕ್ಕ, ಅದು ಕಾಲೇಜಿನದ್ದಾ?" ಅಂತ ಕೇಳಿದೆ. ಹೌದು ಅಂದೆ. ಅದು ಕಾಲೇಜಿನದ್ದಲ್ಲ. ಅದು ನನ್ನ ಆಬಾ ಪುಸ್ತಕ.

ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಆಬಾ ಅಂದರೆ ಸ್ವೀಡನ್ನಿನ ನಾಲ್ಕು ಜನ ಹಾಡುಗಾರರು. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ ಫ್ರಿಡ್. ಅವರ ಹೆಸರಿನ ಮೊದಲ ಅಕ್ಷರ ಸೇರಿಸಿದರೆ ಆಬಾ. 1974ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದು ಲೋಕಕ್ಕೆಲ್ಲ ಗೊತ್ತಾದರು. ನಮ್ಮ ಮನೆಗೆ ಅವರು ಬಂದದ್ದು ಚಿಕ್ಕಪ್ಪ ಬಹರೇನಿನಿಂದ ಟೂ ಇನ್ ಒನ್, ಅಂದರೆ ರೇಡಿಯೋ ಕ್ಯಾಸೆಟ್ ಎರಡೂ ಕೇಳುವ ಪೆಟ್ಟಿಗೆ, ತಂದಾಗ. ಅದರ ಜೊತೆಗೆ ಒಂದು ಕ್ಯಾಸೆಟ್ ಇತ್ತು. ನನಗಾಗ ಹದಿನೇಳು. ಕನ್ನಡ ಮೀಡಿಯಂನಲ್ಲಿ ಓದಿದವಳು, ಆ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಿಂದೆ ಓಡಿಸುವುದು, ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆಯುವುದು. ಗೊತ್ತಾಗದ ಕಡೆ ಚುಕ್ಕಿ ಇಟ್ಟು ಜಾಗ ಬಿಡುತ್ತಿದ್ದೆ. ಇನ್ನೂರು ಪುಟದ ಪುಸ್ತಕ, ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ನಾಲ್ಕು ಅಕ್ಷರ. ಎರಡು ವರ್ಷದ ಕೆಲಸ ಅದು.

ಅವರು ಬಿಟ್ಟುಹೋದ ರೀತಿ ಮಾತ್ರ ನನಗೆ ಸಹಿಸಲಿಕ್ಕೆ ಆಗಲಿಲ್ಲ. ಎರಡು ಜೋಡಿ ಗಂಡ ಹೆಂಡತಿ, ಎರಡೂ ಜೋಡಿ ಬೇರೆಯಾಯಿತು. 1981ರಲ್ಲಿ ಒಂದು ಆಲ್ಬಮ್ ಬಂತು. 1982ರ ಕೊನೆಗೆ ಹಾಡು ನಿಂತಿತು. ಮುಗಿಯಿತು ಅಂತ ಒಂದು ಮಾತು ಹೇಳಲಿಲ್ಲ. ನಾನು ತಿಂಗಳಿಗೊಮ್ಮೆ ಹಂಪನಕಟ್ಟೆಯ ಕ್ಯಾಸೆಟ್ ಅಂಗಡಿಗೆ ಹೋಗಿ ಹೊಸತು ಬಂತಾ ಅಂತ ಕೇಳುತ್ತಿದ್ದೆ. ಇಲ್ಲ ಅನ್ನುತ್ತಿದ್ದರು. ಕೊನೆಗೆ ನಾನು ಬಾಗಿಲಿಗೆ ಬಂದರೆ ಸಾಕು, ಕೌಂಟರಿನಿಂದಲೇ ತಲೆ ಅಲ್ಲಾಡಿಸುತ್ತಿದ್ದರು.

ಆಮೇಲೆ ಮದುವೆ ಗೊತ್ತಾಯಿತು. ಅವರದ್ದೂ ಮುಗಿಯಿತು, ನನ್ನದೂ ಮುಗಿಯಿತು ಅಂದುಕೊಂಡೆ. ಯಾರೂ ಸುಡು ಅನ್ನಲಿಲ್ಲ. ನಾನೇ ಸುಟ್ಟೆ. ಒಲೆಯಲ್ಲಿ ಮಡಲು ಚೆನ್ನಾಗಿ ಉರಿಯುತ್ತಿತ್ತು. ಹಾಳೆಗಳು ಬೇಗ ಹೋದವು, ರಟ್ಟು ಮಾತ್ರ ತುಂಬ ಹೊತ್ತು ಮಡಚಿಕೊಂಡು ಕೂತಿತ್ತು. ಹಂಡೆಯ ನೀರು ಕಾಯಿತು, ಅದರಲ್ಲೇ ಸ್ನಾನ ಮಾಡಿದೆ.

ತಡಿ, ಮೀನಿನವಳು ಬಂದಳು.

ಹಾಂ, ಆಯಿತು. ಬಂಗುಡೆ. ಎಲ್ಲಿದ್ದೆ? 2021ರ ನವೆಂಬರ್. ಮಗ ಫೋನ್ ಹಿಡಿದುಕೊಂಡು ಬಂದು, ಅಮ್ಮ ನಿನ್ನವರು ಹೊಸ ಆಲ್ಬಮ್ ಮಾಡಿದ್ದಾರೆ ನೋಡು ಅಂದ. ಆ ಆಲ್ಬಮ್‌ಗೂ ಈ ಆಲ್ಬಮ್‌ಗೂ ಮಧ್ಯೆ 40 ವರ್ಷ! ಅದೇ ನಾಲ್ಕು ಜನ. ಸ್ವರ ಸ್ವಲ್ಪ ದಪ್ಪ ಆಗಿತ್ತು, ಆದರೂ ಅದೇ ಸ್ವರ. ನಾನು ಅಲ್ಲೇ ಅಡುಗೆಮನೆ ನೆಲದಲ್ಲಿ ಕೂತುಬಿಟ್ಟೆ. ಆಮೇಲೆ ಹಳೆ ಹಾಡುಗಳನ್ನೂ ಹಾಕಿದ, ಸಾಲು ಸಾಲಾಗಿ ಅಕ್ಷರ ಬರುತ್ತದಲ್ಲ, ಹಾಗೆ. ನಾನು ಚುಕ್ಕಿ ಇಟ್ಟ ಒಂದೊಂದು ಜಾಗಕ್ಕೂ ಏನು ಬರೆಯಬೇಕಿತ್ತು ಅಂತ ಆಗ ಗೊತ್ತಾಯಿತು. ತುಂಬಲಿಕ್ಕೆ ಪುಸ್ತಕ ಇಲ್ಲ.

ಅದಕ್ಕೇ ಹೇಳುವುದು, ಸುಡಬೇಡ. ಪುಟ್ಟಿಯ ಹುಡುಗರೂ ಹಾಗೆಯೇ ಹೋದವರಲ್ವಾ? 2015ರಲ್ಲಿ ಒಬ್ಬ ಬಿಟ್ಟ. ಮರುವರ್ಷದಿಂದ ಬಿಡುವು ಅಂದರು, ಮುಗಿಯಿತು ಅನ್ನಲಿಲ್ಲ. ಇವಳು ಕಾಯುತ್ತಲೇ ಇದ್ದಳು. 2024ರ ಅಕ್ಟೋಬರ್‌ನಲ್ಲಿ ಅವರಲ್ಲೊಬ್ಬ, ಲಿಯಮ್, ತೀರಿಹೋದ, ಬರೀ 31 ವರ್ಷ. ಅವತ್ತು ರಾತ್ರಿ ಅವಳು ಫೋನ್ ಮಾಡಿದ್ದು ನನಗೆ, "ದೊಡ್ಡಮ್ಮ, ಇನ್ನು ಐದೂ ಜನ ಒಟ್ಟಿಗೆ ನಿಲ್ಲುವುದೇ ಇಲ್ಲ" ಅಂತ. ನನ್ನವರಾದರೂ ನಾಲ್ವರೂ ಉಳಿದು ತಿರುಗಿ ಬಂದರು. ಅವಳಿಗೆ ಅದೂ ಇಲ್ಲ. ಇರುವುದು ಆ ಪೆಟ್ಟಿಗೆ ಒಂದೇ.

ಅಣ್ಣ, ನೀನೂ ಕೇಳುತ್ತಿದ್ದೀಯಲ್ಲ, ಇವತ್ತು ಹೇಳಿಯೇ ಬಿಡುತ್ತೇನೆ. ನಾನು ಗಂಡನ ಮನೆಗೆ ಹೋದ ಮೇಲೆ ನನ್ನ ಮೂರು ಕ್ಯಾಸೆಟ್‌ಗಳ ಮೇಲೆ ನೀನು ತಾಳಮದ್ದಳೆ ರೆಕಾರ್ಡ್ ಮಾಡಿದೆ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ ಅಂತ ನನಗಾಗ ಗೊತ್ತಿರಲಿಲ್ಲ. ತಾಳಮದ್ದಳೆ ನನಗೂ ಇಷ್ಟ, ಅದಲ್ಲ ವಿಷಯ. ಒಂದು ಮಾತು ಕೇಳಬಹುದಿತ್ತು. ಮನೆ ಪಾಲಾದಾಗ ಟೂ ಇನ್ ಒನ್ ಗುಜರಿಗೆ ಹೋಯಿತು. ಆಗಲೂ ಯಾರೂ ಕೇಳಲಿಲ್ಲ. ಬಾವಿಕಟ್ಟೆ ಯಾರಿಗೆ, ಹಲಸಿನ ಮರ ಯಾರಿಗೆ ಅಂತ ಮೂರು ದಿನ ಮಾತಾಡಿದಿರಿ. ಚಿಕ್ಕಪ್ಪ ಅದನ್ನು ನನ್ನ ಕೈಗೆ ಕೊಟ್ಟದ್ದು. ಹೆಣ್ಣುಮಕ್ಕಳ ಸಾಮಾನು ಅಂದರೆ ಮದುವೆಯ ದಿನಕ್ಕೆ ಮುಗಿಯಿತು ಅಂತ ಲೆಕ್ಕ ನಮ್ಮ ಮನೆಯಲ್ಲಿ. ನನಗೆ ಈಗಲೂ ಬೇಜಾರು ಉಂಟು.

ಅಯ್ಯೋ, ಮುಖ್ಯ ವಿಷಯವೇ ಮರೆತೆ. ತಂಗಿ, ಸೋಮವಾರ ಪೇಂಟಿನವರು ಬರುತ್ತಾರೆ ಅಂದಿದ್ದೆಯಲ್ಲ? ಅದಕ್ಕೆ ಮೊದಲು ಪೆಟ್ಟಿಗೆ ಅಟ್ಟದಿಂದ ಇಳಿಸು. ಇಲ್ಲದಿದ್ದರೆ ಹಳೆ ಪೇಪರ್ ಜೊತೆ ಹೋಗುತ್ತದೆ. ತಿರುಗಿ ಮೇಲೆ ಇಡಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿದು ಚಿತ್ರಗಳು ಒಂದಕ್ಕೊಂದು ಅಂಟುತ್ತವೆ. ಗೋಡೆಯ ಮೇಲಿನ ಪೋಸ್ಟರಿನ ಟೇಪ್ ಎಳೆಯಬೇಡ. ಕೂದಲು ಒಣಗಿಸುವ ಮೆಷಿನ್ ಸ್ವಲ್ಪ ದೂರದಿಂದ ಹಿಡಿದರೆ ಅಂಟು ಮೆತ್ತಗಾಗುತ್ತದೆ, ಆಮೇಲೆ ನಿಧಾನ ಬಿಡಿಸು. ಡೈರಿಯನ್ನು ಅವಳೇ ಫೋನಿನಲ್ಲಿ ಫೋಟೋ ತೆಗೆದಿಡಲಿ, ನೀನು ಓದಬೇಡ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಣ್ಣ ಸಣ್ಣ ಪೊಟ್ಟಣ ಇದ್ದರೆ ನಾಲ್ಕು ಒಳಗೆ ಹಾಕು, ತೇವ ಎಳೆಯುತ್ತದೆ.

ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ನನ್ನ ಹತ್ತಿರ ಉಂಟು, ಚಕ್ಕುಲಿ ತುಂಬಿಡುತ್ತಿದ್ದೆನಲ್ಲ, ಅದು. ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಅಣ್ಣ, ಶನಿವಾರ ನೀನು ಮಂಗಳೂರಿಗೆ ಹೋಗುವಾಗ ಕುಂಜಿಬೆಟ್ಟಿಗೆ ಬಂದು ತೆಗೆದುಕೊಂಡು ಹೋಗು. ಪುಟ್ಟಿಯ ಕೈಗೇ ಕೊಡು.